ಈ ಸಲ ಆಪರೇಷನ್ ನನಗೆ

ನಾನು ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯವನು. ಮನೆಯಲ್ಲೇ ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯುತ್ತೇವೆ. ಇಬ್ಬರು ಮಕ್ಕಳು. ಹೋದ ವರ್ಷ ನಾನು ವ್ಯಾಸೆಕ್ಟಮಿ ಮಾಡಿಸಿಕೊಂಡೆ. ಅಂದ್ರೆ ಇನ್ನು ಮಕ್ಕಳಾಗದ ಹಾಗೆ ಗಂಡಸರಿಗೆ ಮಾಡುವ ಆಪರೇಷನ್. ಆಮೇಲೆ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಯಾರೂ ನಾಲ್ಕು ಮಂದಿ ಎದುರಿಗೆ ಕೇಳಲಿಲ್ಲ. ಕೆಲವರು ರಾತ್ರಿ ಫೋನ್ ಮಾಡಿದರು, ಕೆಲವರು ಮಗ್ಗದ ಸದ್ದಿನ ನಡುವೆ ಕಿವಿಗೆ ಬಾಯಿ ಹಚ್ಚಿ ಕೇಳಿದರು. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಂದೇ ಕಡೆ ಬರೆಯುತ್ತಿದ್ದೇನೆ.

ನನ್ನ ಹೆಂಡತಿಗೆ ಎರಡೂ ಹೆರಿಗೆ ಸಿಜೇರಿಯನ್. ಎರಡನೆಯದರಲ್ಲಿ ರಕ್ತ ಜಾಸ್ತಿ ಹೋಗಿ ಬಾಟಲಿ ರಕ್ತ ಏರಿಸಬೇಕಾಯಿತು. ಅಲ್ಲೇ ಟೇಬಲ್ ಮೇಲೆ ಅವಳಿಗೆ ಮಕ್ಕಳಾಗದ ಆಪರೇಷನ್ ಕೂಡ ಮುಗಿಸಿಬಿಡೋಣವೇ ಎಂದು ನರ್ಸ್ ಕೇಳಿದ್ದರು. ಮಗು ತೂಕ ಕಡಿಮೆ ಇತ್ತು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅದು ಗಟ್ಟಿಯಾಗಲಿ, ಆಮೇಲೆ ನೋಡೋಣ ಅಂದೆವು. ಮಗುವಿಗೆ ವರ್ಷ ತುಂಬಿದ್ದೇ ತಡ, ಮನೆಗೆ ಬಂದವರೆಲ್ಲ ಶುರು ಮಾಡಿದರು: "ಇನ್ನ ಆಪರೇಷನ್ ಮಾಡ್ಸಿಬಿಡ್ರಿ." ಯಾರಿಗೆ ಎಂದು ಯಾರೂ ಹೇಳುವುದಿಲ್ಲ. ಹೇಳುವುದೇ ಬೇಕಿಲ್ಲ.

ಅಷ್ಟೊತ್ತಿಗೆ ಅವಳು ಗರ್ಭ ನಿಲ್ಲದಂತೆ ಕಾಪರ್-ಟಿ ಹಾಕಿಸಿಕೊಂಡು, ತಿಂಗಳ ರಕ್ತಸ್ರಾವ ತಡೆಯಲಾಗದೆ ತೆಗೆಸಿದ್ದಳು. ಗುಳಿಗೆ ನುಂಗಿ ತಲೆನೋವು, ವಾಂತಿ ಅನುಭವಿಸಿದ್ದಳು. ಮೈಯಲ್ಲಿ ರಕ್ತ ಕಡಿಮೆ, ಹಿಮೋಗ್ಲೋಬಿನ್ ಎಂಟರ ಹತ್ತಿರ ಇತ್ತು. ಅಂಥವಳ ಹೊಟ್ಟೆಯನ್ನು ಮೂರನೇ ಸಲ ಕೊಯ್ಯುವ ಮಾತು. ಒಂದು ರಾತ್ರಿ ಕಂಡಿಕೆ, ಅಂದ್ರೆ ಮಗ್ಗಕ್ಕೆ ಹಾಕುವ ನೂಲಿನ ಸುರುಳಿ, ಸುತ್ತುತ್ತ ಕೂತಿದ್ದಾಗ ನಾನೇ ಕೇಳಿದೆ, "ನಾನ ಮಾಡಿಸ್ಕೊಂಡ್ರ ಹೆಂಗ?" ಅವಳು ಕೈ ನಿಲ್ಲಿಸಿ ನೋಡಿದಳು. "ನಿಮಗ್ಯಾಕ್ರೀ? ಗಂಡಸರು ಯಾರ್ ಮಾಡಿಸ್ಕೋತಾರು?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನೋವು ಆಗ್ತೈತೇನ್ರೀ ಅದು?" ಅಂದಳು. ಇಷ್ಟೆಲ್ಲ ಅನುಭವಿಸಿದವಳು ಆಗಲೂ ನನ್ನ ನೋವಿನ ಬಗ್ಗೆಯೇ ಕೇಳಿದ್ದಳು. ಆ ಮಾತು ನನ್ನನ್ನು ಬಿಡಲೇ ಇಲ್ಲ.

ಗಂಡಸರು ಯಾರು ಮಾಡಿಸಿಕೊಳ್ಳುತ್ತಾರೆ ಎನ್ನುವ ಅವಳ ಪ್ರಶ್ನೆಗೆ ಸರ್ಕಾರದ ಸಮೀಕ್ಷೆಯಲ್ಲಿ ಉತ್ತರ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಶೇ. 37.9ರಷ್ಟು ದಂಪತಿಗಳಲ್ಲಿ ಹೆಂಗಸಿಗೆ ಸಂತಾನಹರಣ ಆಪರೇಷನ್ ಆಗಿದೆ. ಗಂಡಸಿಗೆ ಆಗಿರುವುದು ಶೇ. 0.3. ಸಾವಿರ ಮನೆಗಳಲ್ಲಿ ಮೂರು. ಎರಡರಲ್ಲಿ ಸಣ್ಣ ಆಪರೇಷನ್ ಯಾವುದು ಗೊತ್ತಾ? ಗಂಡಸರದ್ದೇ. ಹೆಂಗಸರಿಗೆ ಹೊಟ್ಟೆಯೊಳಗೆ ಹೋಗಬೇಕು. ಗಂಡಸರಿಗೆ ಹೊಟ್ಟೆಯ ತಂಟೆಗೇ ಹೋಗುವುದಿಲ್ಲ.

ಆಪರೇಷನ್‌ಗೆ ಹೊರಡುವ ಮುಂಚೆ ಬೇರೆ ಏನೇನು ದಾರಿ ಇದೆ ಅಂತ ನೋಡಿದೆ. ಈಗ ಗಂಡಸಿನ ಕೈಯಲ್ಲಿ ನಿಜವಾಗಿ ಇರುವುದು ಎರಡೇ, ಕಾಂಡೋಮ್ ಮತ್ತು ಈ ಆಪರೇಷನ್. ಕೊನೇ ಗಳಿಗೆಯಲ್ಲಿ ಹೊರಗೆ ತೆಗೆಯುವುದನ್ನು ಬಹಳ ಜನ ನಂಬಿಕೊಂಡಿದ್ದಾರೆ. ಅದನ್ನೇ ನೆಚ್ಚಿಕೊಂಡ ನೂರು ಜೋಡಿಗಳಲ್ಲಿ ವರ್ಷಕ್ಕೆ ಸುಮಾರು ಇಪ್ಪತ್ತು ಜೋಡಿಗಳಿಗೆ ಗರ್ಭ ನಿಲ್ಲುತ್ತದೆ. ನಮ್ಮ ಓಣಿಯಲ್ಲೇ ಹಾಗೆ ಹುಟ್ಟಿದ ಮಕ್ಕಳಿವೆ.

ಕಾಂಡೋಮನ್ನು ನಾವು ಬಹಳ ದಿನ ಬಳಸಿದೆವು. ನಾನು ಅದನ್ನು ಕೀಳಾಗಿ ನೋಡುವವನಲ್ಲ. ಲೈಂಗಿಕ ರೋಗ, ಎಚ್‌ಐವಿ ತಡೆಯುವ ಗುಣ ಅದಕ್ಕೊಂದಕ್ಕೇ ಇದೆ. ವ್ಯಾಸೆಕ್ಟಮಿಗೆ ಆ ಗುಣ ಇಲ್ಲವೇ ಇಲ್ಲ. ಸರ್ಕಾರ 1968ರಲ್ಲಿ ನಿರೋಧ್ ಹೆಸರಿನ ಕಾಂಡೋಮ್ ತಂದಿತು, ಇಂದಿಗೂ ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುತ್ತದೆ. ಬೆಳಗಾವಿಯಿಂದ ಕೊಲ್ಹಾಪುರದ ಕಡೆ ಹೋಗುವಾಗ ಸಂಕೇಶ್ವರ ದಾಟಿದ ಮೇಲೆ ಕಣಗಲಾ ಬರುತ್ತದಲ್ಲ, ಅಲ್ಲಿ ಎಚ್‌ಎಲ್‌ಎಲ್ ಕಂಪನಿಯ ಕಾರ್ಖಾನೆ ಇದೆ. ಕಾಂಡೋಮು, ಗರ್ಭನಿರೋಧಕ ಗುಳಿಗೆ ಎರಡೂ ಅಲ್ಲಿ ತಯಾರಾಗುತ್ತವೆ. ಪಕ್ಕದ ಜಿಲ್ಲೆಯಲ್ಲೇ ತಯಾರಾಗುವ ವಸ್ತುವನ್ನು ನಮ್ಮ ಮೆಡಿಕಲ್ ಶಾಪಿನಲ್ಲಿ ಪೇಪರ್ ಸುತ್ತಿ, ಕೈ ಕೆಳಗೆ ಮಾಡಿ ಕೊಡುತ್ತಾರೆ.

ಕಾಂಡೋಮ್ ಸೋಲುವುದು ಹೆಚ್ಚಾಗಿ ಬಳಸುವ ರೀತಿಯಿಂದ. ಪ್ರತಿ ಸಲ ಸರಿಯಾಗಿ ಬಳಸಿದರೆ ವರ್ಷಕ್ಕೆ ನೂರು ಜೋಡಿಗಳಲ್ಲಿ ಎರಡು ಗರ್ಭ ನಿಲ್ಲುತ್ತದೆ. ಜನ ಬಳಸುವ ಹಾಗೆ ಬಳಸಿದರೆ ಹದಿಮೂರು. ನಮ್ಮ ಕಡೆಯ ಬಿಸಿಲಿನಲ್ಲಿ ಗಾಡಿಯ ಡಿಕ್ಕಿಯಲ್ಲಿ ಇಟ್ಟರೆ ರಬ್ಬರ್ ಹಾಳು. ಪಾಕೀಟಿನಲ್ಲಿಟ್ಟುಕೊಂಡು ಅದರ ಮೇಲೆ ದಿನಗಟ್ಟಲೆ ಕೂತರೂ ಹಾಳು. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಹಚ್ಚಿದರೆ ರಬ್ಬರ್ ಸಡಿಲಾಗಿ ಹರಿಯುತ್ತದೆ. ಎರಡು ಒಟ್ಟಿಗೆ ಹಾಕಿಕೊಂಡರೆ ಭದ್ರ ಎನ್ನುವವರಿದ್ದಾರೆ, ಅದೂ ತಪ್ಪು. ಒಂದಕ್ಕೊಂದು ಉಜ್ಜಿ ಎರಡೂ ಹರಿಯಬಹುದು. ಇಷ್ಟು ಎಚ್ಚರ ಇರುವವರಿಗೆ, ಇನ್ನೂ ಮಕ್ಕಳು ಬೇಕೆನ್ನುವವರಿಗೆ ಅದೇ ಸರಿ. ನಮಗೆ ಮಕ್ಕಳು ಸಾಕಾಗಿತ್ತು. ತಿಂಗಳು ತಿಂಗಳು ಅವಳು ದಿನ ಎಣಿಸುವುದನ್ನು ನೋಡಿ ನನಗೂ ಸಾಕಾಗಿತ್ತು.

ಗಂಡಸರಿಗೆ ಗುಳಿಗೆ ಯಾಕಿಲ್ಲ ಎಂದು ಅವಳು ಕೇಳಿದಳು. ರಾತ್ರಿ ಫೋನ್ ಹಿಡಿದು ಓದುತ್ತ ಹೋದೆ. ಹತ್ತಿ ನೂಲಿನ ಮನೆಯವನಾದ್ದರಿಂದ ಒಂದು ಸಂಗತಿ ನನ್ನನ್ನು ಹಿಡಿದು ಕೂರಿಸಿತು. ಚೀನಾದ ಕೆಲವು ಹಳ್ಳಿಗಳಲ್ಲಿ ಶುದ್ಧ ಮಾಡದ ಹತ್ತಿಕಾಳಿನ ಎಣ್ಣೆಯಲ್ಲಿ ಅಡುಗೆ ಮಾಡುತ್ತಿದ್ದವರಿಗೆ ಮಕ್ಕಳಾಗುತ್ತಿರಲಿಲ್ಲ. ಹುಡುಕಿದಾಗ ಹತ್ತಿಕಾಳಿನ ಗಾಸಿಪಾಲ್ ಎಂಬ ಪದಾರ್ಥ ವೀರ್ಯಾಣು ಬೆಳೆಯದಂತೆ ಮಾಡುತ್ತದೆ ಎಂದು ಗೊತ್ತಾಯಿತು. 1970ರ ದಶಕದಲ್ಲಿ ಅದನ್ನೇ ಗುಳಿಗೆ ಮಾಡಿ ಎಂಟು ಸಾವಿರಕ್ಕೂ ಹೆಚ್ಚು ಗಂಡಸರಿಗೆ ಕೊಟ್ಟು ನೋಡಿದರು. ಕೆಲಸ ಮಾಡಿತು. ಆದರೆ ಕೆಲವರಿಗೆ ರಕ್ತದಲ್ಲಿ ಪೊಟ್ಯಾಶಿಯಂ ಇಳಿದು ಕೈಕಾಲು ಶಕ್ತಿ ಕಳಕೊಂಡವು. ಗುಳಿಗೆ ಬಿಟ್ಟ ಮೇಲೂ ಕೆಲವರಿಗೆ ವೀರ್ಯಾಣು ವಾಪಸ್ ಬರಲೇ ಇಲ್ಲ. ಅಲ್ಲಿಗೆ ಕೈಬಿಟ್ಟರು. ನಾವು ಎಮ್ಮೆಗೆ ಹಾಕುವ ಹತ್ತಿಕಾಳು ಇದು. ಇದನ್ನು ಓದಿ ಯಾರಾದರೂ ಹತ್ತಿಕಾಳು ಜಗಿಯಲು ಹೋಗಬೇಡಿ, ಕೈಮುಗಿದು ಹೇಳುತ್ತೇನೆ.

ನಮ್ಮ ದೇಶದ್ದೇ ಒಂದು ಇಂಜೆಕ್ಷನ್ ಇದೆ, ರಿಸುಗ್ ಎಂದು. ಖರಗಪುರ ಐಐಟಿಯ ಸುಜಯ್ ಗುಹಾ ಅವರು ಹತ್ತಾರು ವರ್ಷ ಅದರ ಹಿಂದೆ ಬಿದ್ದು ಮಾಡಿದ್ದು. ವೀರ್ಯನಾಳದೊಳಗೆ ಒಂದು ಪಾಲಿಮರ್ ಹಾಕುತ್ತಾರೆ, ಹಾದುಹೋಗುವ ವೀರ್ಯಾಣು ಅಲ್ಲೇ ನಿಷ್ಕ್ರಿಯ ಆಗುತ್ತದೆ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ 303 ಗಂಡಸರ ಮೇಲೆ ಮೂರನೇ ಹಂತದ ಪರೀಕ್ಷೆ ಮಾಡಿ ಒಳ್ಳೆ ಫಲಿತಾಂಶ ಸಿಕ್ಕಿದೆ ಎಂದು 2023ರಲ್ಲಿ ಸುದ್ದಿ ಬಂತು. ಹಾರ್ಮೋನ್ ಇಲ್ಲದ ಒಂದು ಗುಳಿಗೆಯನ್ನು ಗಂಡಸರ ಮೇಲೆ ಪರೀಕ್ಷಿಸುವುದು ಅದೇ ವರ್ಷದ ಕೊನೆಗೆ ಇಂಗ್ಲೆಂಡಿನಲ್ಲಿ ಶುರುವಾಯಿತು. ಇವೆಲ್ಲ ಬರಲಿ, ಬೇಗ ಬರಲಿ. ಆದರೆ ನನ್ನ ಹೆಂಡತಿ ಅಲ್ಲಿಯವರೆಗೆ ಕಾಯಬೇಕೇನು?

ಮನೆಯಲ್ಲಿ ಅವ್ವನಿಗೆ ಹೇಳಿದಾಗ ದೊಡ್ಡ ರಾದ್ಧಾಂತವೇ ಆಯಿತು. "ನಿನಗ ಹುಚ್ಚು ಹಿಡದೈತೇನ? ಬೀಮ್ ಎತ್ತಾಂವ ನೀನು, ಮಗ್ಗ ನಡಸಾಂವ ನೀನು. ನಿನಗೇನರ ಆದ್ರ ಮನಿ ಹೆಂಗ ನಡೀತೈತಿ?" ಅಂದಳು. ಬೀಮ್ ಅಂದ್ರೆ ಮಗ್ಗದ ಹಾಸುನೂಲು ಸುತ್ತಿದ ಭಾರದ ಉರುಳೆ. ನಾನು ಅಂದೆ, "ಅವ್ವ, ಆಕಿ ಮಲಗಿದ್ರ ಮನಿ ನಡೀತೈತೇನ? ಕಂಡಿಕಿ ಯಾರ್ ಸುತ್ತತಾರು, ಕೂಸಿನ್ನ ಯಾರ್ ನೋಡತಾರು?" ಅವ್ವ ಉತ್ತರ ಕೊಡಲಿಲ್ಲ. ಸಂಜೆ ತಾನಾಗಿಯೇ ಬಂದು ತನ್ನ ಆಪರೇಷನ್ ಕಥೆ ಹೇಳಿದಳು. ಮೂವತ್ತೈದು ವರ್ಷದ ಹಿಂದೆ ಒಂದು ಶಾಲೆಯಲ್ಲಿ ಕ್ಯಾಂಪ್ ಹಾಕಿದ್ದರಂತೆ. ಸಾಲಾಗಿ ನೆಲದ ಮೇಲೆ ಚಾಪೆ ಹಾಸಿ ಮಲಗಿಸಿದ್ದರಂತೆ. ಅಮಲು ಇಳಿಯುವ ಮುಂಚೆಯೇ ಟ್ರ್ಯಾಕ್ಟರ್‌ನಲ್ಲಿ ಮನೆಗೆ ಕಳಿಸಿದರಂತೆ. ಪ್ರತಿ ಗುಂಡಿಗೂ ಹೊಟ್ಟೆ ಹಿಡಿದುಕೊಂಡು ಕೂತಿದ್ದೆ ಅಂದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಕೇಳಿರಲಿಲ್ಲ. ಅವಳೂ ಯಾರಿಗೂ ಹೇಳಿರಲಿಲ್ಲ.

2014ರಲ್ಲಿ ಛತ್ತೀಸಗಢದ ಬಿಲಾಸಪುರದಲ್ಲಿ ಇಂಥದ್ದೇ ಕ್ಯಾಂಪಿನಲ್ಲಿ ಆಪರೇಷನ್ ಆದ 13 ಹೆಂಗಸರು ಸತ್ತುಹೋದರು. ಈ ಕ್ಯಾಂಪ್ ಪದ್ಧತಿಯನ್ನೇ ಮೂರು ವರ್ಷದೊಳಗೆ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಅವ್ವನ ಕಥೆ ಕೇಳಿದ ಮೇಲೆ ನನಗೆ ಆ ಸುದ್ದಿಯೆಲ್ಲ ಬೇರೆ ರೀತಿ ಕಾಣತೊಡಗಿತು. ಅವ್ವ ಆಮೇಲೆ ಬೇಡ ಅನ್ನಲಿಲ್ಲ.

ಚಹಾದಂಗಡಿಯಲ್ಲಿ ಸಿಗುವ ಹಿರಿಯರೊಬ್ಬರ ಮಾತು ಬೇರೆ. "ತಮ್ಮಾ, ಇಂದಿರಾ ಗಾಂಧಿ ಕಾಲದಾಗ ಜೀಪ್ ಬಂತಂದ್ರ ನಮ್ಮ ಹಿರೇರು ಕಬ್ಬಿನ ಹೊಲದಾಗ ಅಡಗತಿದ್ರು," ಅಂದರು. ಇದು ಸುಳ್ಳಲ್ಲ. ತುರ್ತುಪರಿಸ್ಥಿತಿಯಲ್ಲಿ 1976-77ರ ಒಂದೇ ವರ್ಷ ದೇಶದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಈ ಆಪರೇಷನ್ ಮಾಡಿದರು, ಅದರಲ್ಲಿ ಒತ್ತಾಯದಿಂದ ಮಾಡಿದ್ದೇ ಬಹಳ. ಕೋಟಾ ತುಂಬಿಸಲು ಮುದುಕರನ್ನೂ, ಮದುವೆಯಾಗದವರನ್ನೂ ಹಿಡಿದುಹಾಕಿದ್ದರು. ಗಂಡಸರು ಆಗ ಹೆದರಿ ಹಿಂದೆ ಸರಿದವರು ಇನ್ನೂ ಮುಂದೆ ಬಂದಿಲ್ಲ. ಆ ಭಾರವೆಲ್ಲ ಹೋಗಿ ಬಿದ್ದದ್ದು ಹೆಂಗಸರ ಮೇಲೆ. ಅವತ್ತು ನಡೆದದ್ದು ಅನ್ಯಾಯ. ಆದರೆ ಅದಕ್ಕಾಗಿ ಇವತ್ತು ನನ್ನ ಹೆಂಡತಿ ಯಾಕೆ ಟೇಬಲ್ ಹತ್ತಬೇಕು? ಈಗ ಯಾರೂ ಜೀಪ್ ತಂದಿಲ್ಲ, ನಾನಾಗಿ ಹೊರಟಿದ್ದೇನೆ ಎಂದು ಆ ಹಿರಿಯರಿಗೆ ಹೇಳಿದೆ.

ಹೊರಟೆ ಸರಿ, ಆದರೆ ಆಸ್ಪತ್ರೆಗಳೂ ಗಂಡಸರು ಬರುತ್ತಾರೆಂದು ಎದುರು ನೋಡುತ್ತಿಲ್ಲ. ನಮ್ಮ ಕಡೆಯ ಒಂದು ಸರ್ಕಾರಿ ಆಸ್ಪತ್ರೆಗೆ ಮೊದಲು ಹೋದೆ. ಚೀಟಿ ಬರೆಯುವವರು "ಪೇಶಂಟ್ ಎಲ್ಲದಾರ್ರೀ?" ಅಂದರು. "ನಾನ ರೀ," ಅಂದೆ. ಪೆನ್ನು ಕೆಳಗಿಟ್ಟು, "ನಿಮ್ಮ ಹೆಂಡ್ತಿನ್ನ ಕರಕೊಂಡ್ ಬರ್ರಿ, ಹೆಂಗಸರದ್ದು ಬುಧವಾರ ಮಾಡ್ತಾರ," ಅಂದರು. ಗಂಡಸರಿಗೆ ಮಾಡುವ ತರಬೇತಿ ಪಡೆದ ಡಾಕ್ಟರ್ ಅಲ್ಲಿ ಇರಲಿಲ್ಲ. ಎಲ್ಲಿ ಇದ್ದಾರೆ ಎಂದು ಹೇಳುವವರೂ ಇರಲಿಲ್ಲ. ಗೋಡೆಯ ಮೇಲೆ ಕಾಪರ್-ಟಿ, ಅಂತರಾ ಇಂಜೆಕ್ಷನ್, ಛಾಯಾ ಗುಳಿಗೆ, ಹೀಗೆ ಹೆಂಗಸರ ಗರ್ಭನಿರೋಧಕ ಎಲ್ಲದರ ಪೋಸ್ಟರ್ ಇತ್ತು. ಎಲ್ಲದರಲ್ಲೂ ಹೆಂಗಸಿನ ಚಿತ್ರ. ಅರ್ಧ ಮನಸ್ಸಿನಿಂದ ಬಂದ ಗಂಡಸು ಅಲ್ಲಿಂದಲೇ ವಾಪಸ್ ಹೋಗುತ್ತಾನೆ, ಅಲ್ವಾ? ಈ ಒಂದು ವಿಷಯದಲ್ಲಿ ನನಗೆ ಇನ್ನೂ ಸಿಟ್ಟಿದೆ.

ದಾರಿ ತೋರಿಸಿದವರು ನಮ್ಮ ಓಣಿಯ ಆಶಾ ಅಕ್ಕ. ಅವರಿಗೂ ಮೊದಲು ನಂಬಿಕೆ ಬರಲಿಲ್ಲ, ನನ್ನ ಹೆಂಡತಿಯನ್ನು ಕರೆದು ಖಾತ್ರಿ ಮಾಡಿಕೊಂಡರು. ಆಮೇಲೆ ಫೋನ್ ಮೇಲೆ ಫೋನ್ ಮಾಡಿ, ಎನ್‌ಎಸ್‌ವಿ ಮಾಡುವ ಡಾಕ್ಟರ್ ಎಲ್ಲಿದ್ದಾರೆ, ಯಾವ ದಿನ ಸಿಗುತ್ತಾರೆ ಎಲ್ಲ ವಿಚಾರಿಸಿ ಕೊಟ್ಟರು. ಎನ್‌ಎಸ್‌ವಿ ಅಂದ್ರೆ ನೋ ಸ್ಕಾಲ್ಪೆಲ್ ವ್ಯಾಸೆಕ್ಟಮಿ. ಬ್ಲೇಡಿನಿಂದ ಕೊಯ್ಯದೆ, ಚರ್ಮದಲ್ಲಿ ಒಂದು ಸಣ್ಣ ತೂತು ಮಾಡಿ ಮಾಡುವ ವಿಧಾನ. ಚೀನಾದ ಡಾಕ್ಟರ್ ಲಿ ಶುನ್‌ಚಿಯಾಂಗ್ 1974ರಲ್ಲಿ ಕಂಡುಹಿಡಿದದ್ದು. ತೊಂಬತ್ತರ ದಶಕದಲ್ಲಿ ನಮ್ಮ ದೇಶಕ್ಕೆ ಬಂತು. ತುರ್ತುಪರಿಸ್ಥಿತಿಯಲ್ಲಿ ಮಾಡಿದ್ದು ಇದಲ್ಲ, ಆಗ ಕೊಯ್ದು ಹೊಲಿಗೆ ಹಾಕುತ್ತಿದ್ದರು.

ಡಾಕ್ಟರ್ ವಯಸ್ಸಾದವರು. ನನ್ನನ್ನೂ ಹೆಂಡತಿಯನ್ನೂ ಇಬ್ಬರನ್ನೂ ಕೂರಿಸಿಕೊಂಡು, ಕೇಸ್ ಪೇಪರ್ ಹಿಂದೆ ಚಿತ್ರ ಬರೆದು ತೋರಿಸಿದರು. ವೃಷಣದಲ್ಲಿ ವೀರ್ಯಾಣು ಹುಟ್ಟುತ್ತದೆ. ಎರಡೂ ಕಡೆಯಿಂದ ಒಂದೊಂದು ಸಣ್ಣ ನಾಳದಲ್ಲಿ ಅದು ಮೇಲೆ ಬರುತ್ತದೆ. ಆ ಎರಡು ನಾಳ ಕಟ್ಟಿ ಕತ್ತರಿಸುತ್ತಾರೆ, ಅಷ್ಟೇ. ನನ್ನ ಪ್ರಶ್ನೆಗಳನ್ನು ನಾಚಿಕೆ ಬಿಟ್ಟು ಕೇಳಿದೆ. ಯಾಕೆಂದರೆ ಎಲ್ಲರ ಪ್ರಶ್ನೆಯೂ ಅವೇ.

ಗಂಡಸುತನ ಹೋಗುತ್ತದಾ? ಇಲ್ಲ. ಗಡ್ಡ ಮೀಸೆ, ಆಸೆ, ನಿಮಿರುವಿಕೆ ಎಲ್ಲಕ್ಕೂ ಕಾರಣವಾದ ಟೆಸ್ಟೋಸ್ಟೆರಾನ್ ಹಾರ್ಮೋನ್ ಹೋಗುವುದು ರಕ್ತದಲ್ಲಿ, ಈ ನಾಳದಲ್ಲಿ ಅಲ್ಲ. ನಾಳ ಕತ್ತರಿಸಿದರೆ ಅದಕ್ಕೆ ಏನೂ ಆಗುವುದಿಲ್ಲ. ವೀರ್ಯ ಬರುವುದು ನಿಲ್ಲುತ್ತದಾ? ಅದೂ ಇಲ್ಲ. ಹೊರಬರುವ ದ್ರವದಲ್ಲಿ ವೀರ್ಯಾಣುವಿನ ಪಾಲು ನೂರಕ್ಕೆ ಎರಡರಿಂದ ಐದು ಮಾತ್ರ. ಉಳಿದದ್ದೆಲ್ಲ ಮೇಲಿನ ಗ್ರಂಥಿಗಳಿಂದ ಬರುತ್ತದೆ, ಅವು ಹಾಗೇ ಇರುತ್ತವೆ. ಹುಟ್ಟಿದ ವೀರ್ಯಾಣು ಎಲ್ಲಿ ಹೋಗುತ್ತದೆ? ಒಳಗೇ ಕರಗಿ ಮೈಯಲ್ಲಿ ಸೇರಿಹೋಗುತ್ತದೆ. ಭಾರ ಎತ್ತಬಹುದಾ? ಒಂದು ವಾರ ಬಿಟ್ಟು ಎಷ್ಟಾದರೂ ಎತ್ತಬಹುದು.

ಆಮೇಲೆ ಅವರು ನನ್ನನ್ನು ತಿರುಗಿ ಕೇಳಿದರು. "ನಾಳೆ ಇನ್ನೊಂದು ಮಗು ಬೇಕು ಅನಿಸಿದರೆ?" ಮತ್ತೆ ಜೋಡಿಸುವ ಆಪರೇಷನ್ ಇದೆ. ಆದರೆ ಅದು ದೊಡ್ಡದು, ಖರ್ಚಿನದು, ಮಗು ಆಗುತ್ತದೆಂಬ ಖಾತ್ರಿ ಇಲ್ಲ. ಹಾಗಾಗಿ ಇದನ್ನು ಕಾಯಂ ಎಂದು ತಿಳಿದೇ ಬನ್ನಿ ಅಂದರು. ಕೆಲವರಿಗೆ ರಕ್ತ ಒಳಗೆ ಕಟ್ಟಿ ಬಾವು ಬರಬಹುದು, ಸೋಂಕು ಆಗಬಹುದು. ನೂರರಲ್ಲಿ ಒಬ್ಬಿಬ್ಬರಿಗೆ ನೋವು ಬಹಳ ಕಾಲ ಉಳಿಯಬಹುದು. ಅದನ್ನೂ ಮುಚ್ಚಿಡದೆ ಹೇಳಿದರು. ಇಬ್ಬರೂ ವಾರ ಯೋಚಿಸಿ ಬನ್ನಿ ಎಂದು ಕಳಿಸಿದರು. ಇಷ್ಟು ಸಮಾಧಾನವಾಗಿ ಮಾತಾಡಿದ ಡಾಕ್ಟರನ್ನು ನನ್ನ ಹೆಂಡತಿ ತನ್ನ ಎರಡು ಹೆರಿಗೆಯಲ್ಲೂ ಕಂಡಿರಲಿಲ್ಲ.

ಕಾಗದ ಪತ್ರ ಬಹಳ ಇಲ್ಲ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೋ. ನಿಯಮದ ಪ್ರಕಾರ ಮದುವೆಯಾಗಿರಬೇಕು, ಗಂಡನ ವಯಸ್ಸು 60ಕ್ಕಿಂತ ಕಡಿಮೆ ಇರಬೇಕು, ಕೊನೇಪಕ್ಷ ಒಂದು ಮಗು ಇದ್ದು ಅದಕ್ಕೆ ವರ್ಷ ದಾಟಿರಬೇಕು. ಹಿಮೋಗ್ಲೋಬಿನ್, ಮೂತ್ರದಲ್ಲಿ ಸಕ್ಕರೆ, ಬಿಪಿ ನೋಡಿದರು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದರು. ಅಲ್ಲಿದ್ದ ಒಬ್ಬರು ಹೆಂಡತಿಯ ಸಹಿಯೂ ಬೇಕು ಅಂದರು. ಅದು ಬೇಕಿಲ್ಲ, ನಿಯಮವೇ ಹಾಗಿದೆ, ಡಾಕ್ಟರೇ ತಿದ್ದಿದರು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡುವುದಿಲ್ಲ. ಬದಲಿಗೆ ಕೂಲಿ ತಪ್ಪಿದ್ದಕ್ಕೆ ಪರಿಹಾರ ಎಂದು 1,100 ರೂಪಾಯಿ ಖಾತೆಗೆ ಬರುತ್ತದೆ.

ಆಪರೇಷನ್ ದಿನ ಮನೆಯಲ್ಲೇ ಕೂದಲು ತೆಗೆದು, ಸ್ನಾನ ಮಾಡಿ, ಹಗುರ ತಿಂಡಿ ತಿಂದು ಹೋದೆ. ಬಿಗಿಯಾದ ಒಳಚಡ್ಡಿ ಜೊತೆಗೆ ತರಲು ಹೇಳಿದ್ದರು. ಟೇಬಲ್ ಮೇಲೆ ಮಲಗಿಸಿ, ಔಷಧ ಹಚ್ಚಿ ಸ್ವಚ್ಛ ಮಾಡಿದರು. ಡಾಕ್ಟರ್ ಮೂರು ಬೆರಳಿನಿಂದ ಚರ್ಮದ ಮೇಲೆಯೇ ಹುಡುಕಿ ನಾಳವನ್ನು ಹಿಡಿದರು. "ನೀವೂ ಮುಟ್ಟಿ ನೋಡಬಹುದಿತ್ತು, ಕೈಗೆ ಸಿಗುತ್ತದೆ," ಅಂದರು. ನಾನು ಮನೆಯಲ್ಲಿ ಮೊದಲೇ ಮುಟ್ಟಿ ನೋಡಿದ್ದೆ. ಗಂಜಿ ಹಾಕಿ ಒಣಗಿಸಿದ ನೂಲಿನ ಹುರಿ ಇರುತ್ತದಲ್ಲ, ಹಾಗೆ ಗಟ್ಟಿಯಾಗಿ ಬೆರಳಲ್ಲಿ ಹೊರಳುತ್ತದೆ.

ಮರಗಟ್ಟುವ ಇಂಜೆಕ್ಷನ್ ಚುಚ್ಚಿದಾಗ ಚುರ್ರ್ ಅಂತು. ಇಡೀ ಆಪರೇಷನ್‌ನಲ್ಲಿ ನೋವು ಎಂದು ಹೇಳಬಹುದಾದ್ದು ಅದೊಂದೇ. ಆಮೇಲೆ ಚೂಪು ತುದಿಯ ಒಂದು ಚಿಮಟದಿಂದ ನಡುಮಧ್ಯೆ ಚರ್ಮವನ್ನು ಅಗಲಿಸಿದರು. ನಾಳವನ್ನು ಹೊರಗೆ ಎಳೆದಾಗ ಹೊಟ್ಟೆಯ ಕೆಳಗೆ ಒಳಗಿನಿಂದ ಯಾರೋ ಜಗ್ಗಿದ ಹಾಗೆ ಆಯಿತು. ನೋವಲ್ಲ, ಒಂಥರಾ ಸಂಕಟ. ಉಸಿರು ನಿಧಾನ ಬಿಡಿ ಅಂದರು, ಬಿಟ್ಟೆ, ಹೋಯಿತು. ರೇಷ್ಮೆ ದಾರದಿಂದ ಎರಡು ಕಡೆ ಗಂಟು ಹಾಕಿ ನಡುವಿನ ತುಂಡು ಕತ್ತರಿಸಿದರು. ಒಂದು ತುದಿಯ ಮೇಲೆ ಒಳಪೊರೆಯನ್ನು ಎಳೆದು ಮುಚ್ಚಿದರು, ಎರಡು ತುದಿಗಳು ಮತ್ತೆ ಕೂಡದಿರಲಿ ಎಂದು. ಅದೇ ತೂತಿನಿಂದ ಇನ್ನೊಂದು ಕಡೆಯ ನಾಳಕ್ಕೂ ಹೀಗೆ. ನೂಲಿನ ಎಳೆಗೆ ಗಂಟು ಹಾಕುತ್ತ ಬದುಕುವವನು ನಾನು. ಅವರ ಕೈ ಎಷ್ಟು ಹಗುರ ಎಂದು ಮಲಗಿದಲ್ಲೇ ಗೊತ್ತಾಗುತ್ತಿತ್ತು. ಹೊಲಿಗೆ ಇಲ್ಲ. ಗಾಜ್ ಬಟ್ಟೆ ಇಟ್ಟು ಒಳಚಡ್ಡಿ ಹಾಕಿಸಿದರು. ಎಲ್ಲ ಸೇರಿ ಒಂದು ಚಹಾ ತರಿಸಿ ಕುಡಿಯುವಷ್ಟು ಹೊತ್ತು.

ಅರ್ಧ ಗಂಟೆ ಮಲಗಿಸಿ ನೋಡಿ ಮನೆಗೆ ಕಳಿಸಿದರು. ಬೈಕ್ ಬೇಡ ಎಂದಿದ್ದರಿಂದ ಹೆಂಡತಿಯ ತಮ್ಮ ಕಾರ್ ತಂದಿದ್ದ. ಮರಗಟ್ಟಿದ್ದು ಬಿಟ್ಟ ಮೇಲೆ ರಾತ್ರಿ ಮಂದ ನೋವು ಇತ್ತು. ಗುಳಿಗೆ ನುಂಗಿದೆ, ಟವೆಲ್‌ನಲ್ಲಿ ಐಸ್ ಸುತ್ತಿ ಇಟ್ಟುಕೊಂಡೆ. ಅವ್ವ ಸಜ್ಜಕ ಮಾಡಿ ತಂದು ಕೊಟ್ಟಳು, ಬಾಣಂತಿಗೆ ಮಾಡುವ ಹಾಗೆ ತುಪ್ಪ ಜಾಸ್ತಿ ಹಾಕಿ. ಮರುದಿನ ನೋಡಿದರೆ ಚರ್ಮ ಸ್ವಲ್ಪ ನೀಲಿಗಟ್ಟಿತ್ತು. ಅದು ಸಾಮಾನ್ಯ, ತಾನಾಗೇ ಹೋಗುತ್ತದೆ. ಜ್ವರ ಬಂದರೆ, ಬಾವು ದಿನದಿನಕ್ಕೆ ದೊಡ್ಡದಾದರೆ, ಕೀವು ಅಥವಾ ರಕ್ತ ನಿಲ್ಲದೆ ಬಂದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ನನಗೆ ಅದೇನೂ ಆಗಲಿಲ್ಲ. ಎರಡು ದಿನ ಮಲಗಿ, ಆಮೇಲೆ ಮಗ್ಗದ ಹತ್ತಿರ ಹೋಗಿ ಕೂತೆ. ಬೀಮ್ ಎತ್ತುವುದನ್ನು, ಸೈಕಲ್ ತುಳಿಯುವುದನ್ನು ವಾರ ಮುಗಿಯುವವರೆಗೆ ಮಾಡಲಿಲ್ಲ. ಈಗ ಎಲ್ಲ ಮೊದಲಿನ ಹಾಗೇ. ಮಲಗುವ ಕೋಣೆಯ ವಿಷಯ ಕೇಳುವವರಿಗೂ ಅದೇ ಉತ್ತರ. ಬದಲಾದದ್ದು ಒಂದೇ, ನನ್ನ ಹೆಂಡತಿ ಈಗ ದಿನ ಎಣಿಸುವುದಿಲ್ಲ.

ಒಂದು ವಿಷಯವನ್ನು ಮಾತ್ರ ಎರಡು ಸಲ ಓದಿ. ಆಪರೇಷನ್ ಆದ ದಿನದಿಂದಲೇ ಇದು ಕೆಲಸ ಮಾಡುವುದಿಲ್ಲ. ಕತ್ತರಿಸಿದ ಜಾಗದ ಮೇಲಿನ ನಾಳದಲ್ಲಿ ಮೊದಲೇ ಹೊರಟ ವೀರ್ಯಾಣು ಉಳಿದಿರುತ್ತವೆ. ಅವು ಪೂರ್ತಿ ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕಾಂಡೋಮ್ ಬಳಸಲೇಬೇಕು. ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಎಂದು ಬಂದ ಮೇಲಷ್ಟೇ ನಿಶ್ಚಿಂತೆ. ಬಹಳ ಜನ ಈ ಪರೀಕ್ಷೆಗೆ ಹೋಗುವುದೇ ಇಲ್ಲ. ನಡುವೆ ಗರ್ಭ ನಿಂತರೆ ಏನಾಗುತ್ತದೆ ಯೋಚಿಸಿ. ಆಪರೇಷನ್ ಆದ ಗಂಡಸಿನ ಹೆಂಡತಿ ಬಸುರಾದಳು ಎಂದರೆ ಊರು ಬೆರಳು ತೋರಿಸುವುದು ಅವಳ ಕಡೆಗೆ. ಒಂದು ಪರೀಕ್ಷೆ ತಪ್ಪಿಸಿಕೊಂಡದ್ದಕ್ಕೆ ಒಬ್ಬ ಹೆಂಗಸಿನ ಬಾಳು ಹಾಳಾಗಬಹುದು. ದಯವಿಟ್ಟು ಹಾಗೆ ಮಾಡಬೇಡಿ.

ಲ್ಯಾಬ್‌ನಲ್ಲಿ ಸ್ವಲ್ಪ ಮುಜುಗರ ಆಗುವುದು ನಿಜ. ಡಬ್ಬಿ ಕೊಟ್ಟು ಒಂದು ಬಾಗಿಲು ತೋರಿಸುತ್ತಾರೆ. ಮನೆ ಹತ್ತಿರವಿದ್ದರೆ ಮನೆಯಲ್ಲೇ ಸಂಗ್ರಹಿಸಿ ತಡ ಮಾಡದೆ ತಂದುಕೊಡಬಹುದು, ಮೊದಲೇ ಕೇಳಿಕೊಳ್ಳಿ. ನನ್ನ ರಿಪೋರ್ಟ್‌ನಲ್ಲಿ ವೀರ್ಯಾಣು ಕಂಡಿಲ್ಲ ಎಂದು ಬಂತು. ಅದನ್ನು ತೋರಿಸಿದ ಮೇಲೆ ಆಸ್ಪತ್ರೆಯವರು ಪ್ರಮಾಣಪತ್ರ ಕೊಟ್ಟರು. ಹೀಗೆ ಪರೀಕ್ಷೆಯಾದ ಮೇಲೂ ಎರಡು ಸಾವಿರಕ್ಕೆ ಸುಮಾರು ಒಂದು ಕಡೆ ನಾಳ ತಾನಾಗೇ ಕೂಡಿ ಗರ್ಭ ನಿಂತ ಉದಾಹರಣೆ ಇದೆ. ಪ್ರಮಾಣಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅಂಥ ಸಂದರ್ಭಕ್ಕೆ ಸರ್ಕಾರದ ಪರಿಹಾರ ಯೋಜನೆ ಇದೆ, ಅದಕ್ಕೆ ಈ ಕಾಗದ ಬೇಕು.

ಕೇಳಲು ಬಂದವರೆಲ್ಲರಿಗೂ ನಾನು ಮಾಡಿಸಿಕೊಳ್ಳಿ ಎಂದು ಹೇಳುವುದಿಲ್ಲ. ಮೊನ್ನೆ ಒಬ್ಬ ಹುಡುಗ ಬಂದಿದ್ದ, ಒಂದು ಮಗು ಇದೆ, ಎರಡನೆಯದು ಬೇಕೋ ಬೇಡವೋ ಎಂದು ಗಂಡ ಹೆಂಡತಿ ಇನ್ನೂ ಜಗಳ ಆಡುತ್ತಿದ್ದಾರೆ. ಅವನಿಗೆ ಈಗ ಬೇಡ, ಕಾಂಡೋಮ್ ಸರಿಯಾಗಿ ಬಳಸು ಅಂದೆ. ನನಗಿಂತ ಹಿರಿಯರಾದ ಇನ್ನೊಬ್ಬರು ಇದ್ದಾರೆ, ಸೈಜಿಂಗ್‌ನಲ್ಲಿ, ಅಂದ್ರೆ ನೂಲಿಗೆ ಗಂಜಿ ಹಾಕುವ ಕಡೆ, ಕೆಲಸ ಮಾಡುವವರು. ಮೂರು ಮಕ್ಕಳು, ಹೆಂಡತಿಗೆ ಹೃದಯದ ತೊಂದರೆ. ಅವರಿಗೆ ಇದು ಬೇಕೇ ಬೇಕು. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಗಂಡಸರ ಆಪರೇಷನ್‌ಗೆಂದೇ ಸರ್ಕಾರ ಎರಡು ವಾರ ಇಡುತ್ತದೆ, ಆಗ ಡಾಕ್ಟರ್ ಸಿಗುವುದು ಸುಲಭ. ಅವರು ಈ ಸಲ ಹೊರಟಿದ್ದಾರೆ, ನಾನೂ ಜೊತೆಗೆ ಹೋಗುತ್ತೇನೆ. ಅವರ ಪಾಸ್‌ಬುಕ್‌ನಲ್ಲಿರುವ ಹೆಸರು ಆಧಾರ್‌ಗೆ ಹೊಂದುತ್ತಿಲ್ಲ. ಮೊದಲು ಅದನ್ನು ಸರಿ ಮಾಡಿಸಿಕೊಂಡು ಬನ್ನಿ ಕಾಕಾ ಎಂದು ಹೇಳಿದ್ದೇನೆ.